ಪಂಚಮಿಗೆ ಹಾಕಿದ ಟವೆಲ್

ಈ ದೇಶ ಹಾಳಾದದ್ದು ಟವೆಲ್‌ನಿಂದ. ಖಾಲಿ ಸೀಟು ಕಂಡೊಡನೆ ಕಿಟಕಿಯಿಂದ ಟವೆಲ್ ಎಸೆದು ‘ಇದು ನನ್ನದು’ ಎನ್ನುವವನೇ ಮುಂದೆ ಕಾರ್ಪೊರೇಟರ್ ಆಗಿ ಫುಟ್‌ಪಾತಿನ ಮೇಲೂ ಟವೆಲ್ ಹಾಕುತ್ತಾನೆ ಎಂದು ಹೋದ ವರ್ಷ ನನ್ನ ಅಂಕಣದಲ್ಲಿ ಉರಿದುಬಿದ್ದಿದ್ದೆ. (ಮೆಟ್ರಿಕ್ ದಾಟದವನ ಕನ್ನಡಕ್ಕೆ ಇಷ್ಟು ಬೆಂಕಿ ಎಲ್ಲಿಂದ ಬಂತೆಂದು ಸಂಪಾದಕರೇ ಕೇಳಿದ್ದರು.) ಆ ಲೇಖನ ಹುಬ್ಬಳ್ಳಿಯವರೆಗೂ ಮುಟ್ಟಿತ್ತು. ಮುಟ್ಟಬಾರದಿತ್ತು.

ಹುಬ್ಬಳ್ಳಿಯಲ್ಲಿ ನನ್ನ ಅಕ್ಕ ಗೌರಾಬಾಯಿ ಇದ್ದಾಳೆ. ಪಂಚಮಿ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಬರಬೇಕು. ಆದರೆ ತಾವಾಗಿಯೇ ಬರುವಂತಿಲ್ಲ, ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು. ಅಪ್ಪ ಅವ್ವ ಹೋದ ಮೇಲೆ ಅವಳ ತವರೆಂದರೆ ಪುಣೆಯ ಖಡಕಿಯಲ್ಲಿರುವ ನಮ್ಮ ಎರಡು ಕೋಣೆ, ಮತ್ತು ಫ್ಯಾನು ಇಳಿಸಿ ಅದರ ಕೊಕ್ಕೆಗೆ ಕಟ್ಟುವ ಜೋಕಾಲಿ. ಕರೆಯಲು ಹೋಗುವುದನ್ನು ನಾನು ಒಂದು ವರ್ಷವೂ ತಪ್ಪಿಸಿದವನಲ್ಲ. ರಾತ್ರಿಯ ರೈಲಿಗೆ ಹೋಗುವುದು, ಮರುದಿನ ಅವಳ ಜೊತೆ ಬುತ್ತಿ ಬಿಚ್ಚಿಕೊಂಡು ಬರುವುದು. ಈ ಸಲ ಮಾತ್ರ ನನಗೊಂದು ದಿವ್ಯ ವಿಚಾರ ಹೊಳೆಯಿತು: ಅಕ್ಕನನ್ನು ವಿಮಾನದಲ್ಲಿ ಕರೆತರಬೇಕು.

ಹೊಳೆಯಲು ಕಾರಣ ನನ್ನ ಹೆಂಡತಿ ನೀರಜಾ. ಅವಳು ಇಲ್ಲಿನ ವಿಮಾನ ನಿಲ್ದಾಣದಲ್ಲಿ ಒಂದು ಕಂಪನಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ನೌಕರರ ಮನೆಯವರಿಗೆ ಸ್ಟ್ಯಾಂಡ್‌ಬೈ ಟಿಕೆಟ್ ಸಿಗುತ್ತದೆ. ಅಂದರೆ, ದುಡ್ಡು ಕೊಟ್ಟವರೆಲ್ಲ ಏರಿ ಕುಳಿತ ಮೇಲೆ ಸೀಟು ಉಳಿದರೆ ನಮ್ಮನ್ನು ಕರೆಯುತ್ತಾರೆ; ಉಳಿಯದಿದ್ದರೆ ಬಂದ ದಾರಿ ಹಿಡಿಯಬೇಕು. ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ಕಾದು ಬಾಗಿಲಲ್ಲಿ ನಿಂತಂತೆ.

“ಹಬ್ಬದ ವಾರದಾಗ ಸ್ಟ್ಯಾಂಡ್‌ಬೈ ನಂಬಬ್ಯಾಡ್ರಿ,” ಎಂದಳು ನೀರಜಾ. “ನಮ್ಮ ಸ್ಟಾಫಿನವ್ರೇ ಊರಿಗೆ ಬಸ್ಸಿಗೆ ಹೋಗ್ತಾರ.”

ನಾನು ನಕ್ಕೆ. ಕಾರ್ಖಾನೆಯ ಕಾರಕೂನಿಕೆ ಬಿಟ್ಟ ಮೇಲೆ ನಾನು ಮೊಬೈಲಿನಲ್ಲಿ ಶೇರು ಆಡುವವನು; ಏರಿಳಿತವೆಂದರೆ ಏನೆಂದು ನನಗೆ ಹೇಳುವುದೇ? ಖಾಲಿ ಸೀಟುಗಳದೂ ಒಂದು ಮಾರುಕಟ್ಟೆ, ಕುಸಿದಾಗ ಹೆದರಬಾರದು, ಕೊನೆಗೆ ಏರಿಯೇ ಏರುತ್ತದೆ ಎಂದು ಪಾಠ ಮಾಡಿದೆ.

“ನಿಮ್ಮ ಶೇರು ಏರಿದ್ದು ಯಾವಾಗ್ರಿ?” ಎಂದಳು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮೊದಲ ದಿನ ಬೆಳಿಗ್ಗೆ ಸೀಟು ಬೇಕಾದಷ್ಟಿದ್ದವು. ಮಧ್ಯಾಹ್ನ ನಾನು ಇಸ್ತ್ರಿ ಅಂಗಿ ತೊಟ್ಟು ತಲುಪುವಷ್ಟರಲ್ಲಿ ಮುಂಬಯಿಯಲ್ಲಿ ಮಳೆ ಸುರಿದು, ಅಲ್ಲಿಯ ಹುಬ್ಬಳ್ಳಿ ವಿಮಾನ ರದ್ದಾಗಿ, ಅದರ ಜನರೆಲ್ಲ ಟ್ಯಾಕ್ಸಿ ಮಾಡಿಕೊಂಡು ನಮ್ಮ ವಿಮಾನಕ್ಕೆ ಬಂದಿದ್ದರು. ಮುಂಬಯಿಯಲ್ಲಿ ಮಳೆ ಬಿದ್ದರೆ ಪುಣೆಯಲ್ಲಿ ನನ್ನ ಸೀಟು ಬೀಳುತ್ತದೆಂದು ಯಾವ ಚಾರ್ಟಿನಲ್ಲೂ ಇರಲಿಲ್ಲ. ಉಳಿದ ಒಂದೇ ಒಂದು ಸೀಟು, ನೌಕರಿಯ ಹಿರಿತನದ ಮೇಲೆ, ಪೈಲಟ್ಟರೊಬ್ಬರ ಅತ್ತೆಗೆ ಹೋಯಿತು. ಹಿರಿತನದ ಅನ್ಯಾಯದ ಮೇಲೆ ಅಲ್ಲೇ ನಿಂತು ಒಂದು ಅಂಕಣವನ್ನು ಮನಸ್ಸಿನಲ್ಲಿ ಬರೆದು, ಅಕ್ಕನಿಗೆ ಫೋನು ಮಾಡಿ, ನಾಳೆ ಬರುವುದು ಖಂಡಿತ ಎಂದೆ.

“ಲೇ ಶಿವಪುತ್ರಾ, ಸುಮ್ಮನ ರೈಲಿಗೆ ಬಾರೋ,” ಎಂದಳು. “ನಿನ್ನ ಕಿಟಕ್ಯಾಗಿಂದ ತೂರಸೂ ಕಾಲ ಹೋತು ಖರೆ. ಆದ್ರ ರೈಲಿನ್ಯಾಗ ನಿಲ್ಲಾಕರ ಜಾಗಾ ಕೊಡ್ತಾರ.”

ಆ ಮಾತಿಗೆ ನನ್ನ ಮನಸ್ಸು ಸೀದಾ ಮಿರಜಕ್ಕೆ ಹೋಗಿಬಿಟ್ಟಿತು. ನಾವು ಸಣ್ಣವರಿದ್ದಾಗ ಪುಣೆಯಿಂದ ಹುಬ್ಬಳ್ಳಿಯ ಅಜ್ಜಿಮನೆಗೆ ಹೋಗಲು ಮಿರಜದಲ್ಲಿ ದೊಡ್ಡ ಗಾಡಿ ಇಳಿದು ಸಣ್ಣ ಹಳಿಯ ಗಾಡಿಗೆ ಓಡಬೇಕಿತ್ತು. ಅಪ್ಪನ ಕೈಯಲ್ಲಿ ಟ್ರಂಕು, ಅವ್ವನ ಕಂಕುಳಲ್ಲಿ ಬುತ್ತಿಗಂಟು, ಅಕ್ಕನ ಪಾಲಿಗೆ ನಾನು. ಅವಳು ನನ್ನ ಕೊರಳಿಗೆ ಅಪ್ಪನ ಸೊಲ್ಲಾಪುರದ ಟವೆಲ್ ಸುತ್ತಿ, ಸರಳಿಲ್ಲದ ಕಿಟಕಿ ಹುಡುಕಿ, ಒಲೆಯೊಳಗೆ ಕಟ್ಟಿಗೆ ನೂಕಿದಂತೆ ನೂಕುತ್ತಿದ್ದಳು. ನಾನು ಯಾರದೋ ತೊಡೆಯ ಮೇಲೆ ಬಿದ್ದು, ಎದ್ದು, ಟವೆಲ್ ಹರವಿ, ‘ನಮ್ಮ ಅಕ್ಕ ಬರ್ತಾಳ’ ಎಂದು ಅಳುತ್ತ ಕೂಡುತ್ತಿದ್ದೆ. ಅಳುವ ಹುಡುಗನನ್ನು ಎಬ್ಬಿಸುವ ಎದೆ ಆಗಿನ ಜನಕ್ಕೆ ಇರಲಿಲ್ಲ. ಅಕ್ಕ ಬಂದು ಪಕ್ಕದಲ್ಲಿ ಕುಳಿತು, ನನ್ನ ಮೂಗು ಒರೆಸಿ, ಬಾಯಿಗೊಂದು ಶೇಂಗಾ ಉಂಡಿ ಹಾಕುತ್ತಿದ್ದಳು. ಅಂಥ ಖಾತ್ರಿಯ ಸೀಟು ಆಮೇಲೆ ನನಗೆ ಎಲ್ಲೂ ಸಿಕ್ಕಿಲ್ಲ. (ಇದನ್ನು ಅಂಕಣದಲ್ಲಿ ಬರೆದಿರಲಿಲ್ಲ, ಸ್ಥಳಾಭಾವ.)

ಎರಡನೆಯ ದಿನ ಆ ಟವೆಲನ್ನೇ ಟ್ರಂಕಿನಿಂದ ತೆಗೆದು ಹೆಗಲಿಗೆ ಹಾಕಿಕೊಂಡು ಎಲ್ಲರಿಗಿಂತ ಮೊದಲು ಹೋದೆ. ಕೌಂಟರ್ ತೆರೆದಿರಲಿಲ್ಲ; ಶೇರು ಮಾರುಕಟ್ಟೆ ತೆರೆದಿತ್ತು. ನನ್ನ ಶೇರು ಜಾರುಬಂಡೆಯ ಮೇಲಿತ್ತು, ನೆಟ್‌ವರ್ಕ್ ಮಾತ್ರ ದೂರದ ಕಂಬದ ಬಳಿ ಚೆನ್ನಾಗಿತ್ತು. ಕೈ ತನ್ನಷ್ಟಕ್ಕೆ ತಾನೇ ಕೆಲಸ ಮಾಡಿತು. ಕೌಂಟರಿನ ಮುಂದೆ ಟವೆಲ್ ಹರವಿ, ಅದರ ಮೇಲೆ ಅಕ್ಕನಿಗೆಂದು ಒಯ್ಯುತ್ತಿದ್ದ ಉಂಡಿಯ ಸ್ಟೀಲ್ ಡಬ್ಬಿ ಇಟ್ಟು, ಪಾಳಿ ಹಿಡಿದ ನೆಮ್ಮದಿಯಲ್ಲಿ ಕಂಬಕ್ಕೆ ಹೋದೆ.

ತಿರುಗಿ ಬಂದಾಗ ಸುತ್ತ ಹಗ್ಗ ಕಟ್ಟಿದ್ದರು. ಜನರನ್ನು ದೂರ ಸರಿಸಿದ್ದರು. ಭದ್ರತೆಯವರ ನಾಯಿಯೊಂದು ಉಂಡಿಯ ಡಬ್ಬಿಯ ಮುಂದೆ ಧ್ಯಾನಕ್ಕೆ ಕುಳಿತಿತ್ತು. “ಹಾ ಟಾವೆಲ್ ಕೋಣಾಚಾ?” ಎಂದು ಅಧಿಕಾರಿ ಗುಡುಗಿದ. ಟವೆಲ್ ಯಾರದೆಂದು ಎರಡನೆಯ ಸಲ ಕೇಳಿದಾಗ ನಾನು ಕೈ ಎತ್ತಿದೆ. ಹಗ್ಗದ ಆಚೆ ಸಮವಸ್ತ್ರದಲ್ಲಿ ನೀರಜಾ ನಿಂತಿದ್ದಳು. ನಾನು ಅವಳನ್ನು ನೋಡಿದೆ. ಅವಳು ಛಾವಣಿ ನೋಡಿದಳು. ನಮ್ಮ ಕಡೆ ಪಾಳಿ ಹಿಡಿಯುವ ಪದ್ಧತಿಯೇ ಇದು ಎಂದು ಮರಾಠಿಯಲ್ಲಿ ವಿವರಿಸಿ ಬಿಡಿಸಿಕೊಳ್ಳುವಷ್ಟರಲ್ಲಿ ವಿಮಾನ ಹಾರಿತ್ತು. ಟವೆಲ್ ತಪಾಸಣೆಗೆ ಅವರ ಬಳಿಯೇ ಉಳಿಯಿತು.

“ಮೂರು ಸೀಟು ಖಾಲಿ ಹೋದ್ವು,” ಎಂದಳು ನೀರಜಾ ಮನೆಯಲ್ಲಿ. “ಒಂದಕ್ಕೂ ಟವೆಲ್ ಬೇಕಾಗಿದ್ದಿಲ್ಲ.”

ಮೂರನೆಯ ದಿನ, ಹಬ್ಬದ ಮುನ್ನಾದಿನ, ಅವಳಿಗೆ ವಾರದ ರಜೆ. ಅವಳು ಮನೆಯಲ್ಲಿ ಉಂಡಿ ಕಟ್ಟುತ್ತಿದ್ದಳು; ನಾನು ನಿಲ್ದಾಣದಲ್ಲಿ ಒಂದು ಕಣ್ಣು ಸೀಟಿನ ಮೇಲೆ, ಒಂದು ಕಣ್ಣು ಶೇರಿನ ಮೇಲೆ ಇಟ್ಟು ಕುಳಿತೆ. ಎರಡೂ ಅಂದು ಮಲೇರಿಯಾ ಬಂದವರಂತೆ ನಡುಗುತ್ತಿದ್ದವು. ನೋಡಿ ನೋಡಿ ಫೋನಿನ ಜೀವ ಹೋಯಿತು. ಶೇರು ಮಾರಬೇಕೆಂದಿದ್ದವನು ಮಾರಲಾಗದೆ ಕೈ ಹಿಸುಕಿಕೊಳ್ಳುತ್ತಿದ್ದಾಗಲೇ ನನ್ನ ಹೆಸರು ಕೂಗಿದರು.

ಕಿಟಕಿಯ ಸೀಟು. ಆ ಕಿಟಕಿಗೂ ಸರಳಿರಲಿಲ್ಲ, ಆದರೆ ಅದು ತೆರೆಯುವುದಿಲ್ಲ. ಪಕ್ಕದವರು ಕಿವಿಗೆ ಏನೋ ಸಿಗಿಸಿಕೊಂಡು ಮಲಗಿದ್ದರು. ಯಾವೂರು ಎಂದು ಕೇಳಲಿಲ್ಲ. ಮೋಡದ ಕೆಳಗೆ ಎಲ್ಲೋ ಮಿರಜ ದಾಟಿಹೋಯಿತು, ಯಾರೂ ಇಳಿದು ಓಡಲಿಲ್ಲ.

ಹುಬ್ಬಳ್ಳಿಯಲ್ಲಿ ಅಕ್ಕನ ಮನೆಗೆ ಬೀಗ. ಪಕ್ಕದ ಮನೆಯ ಹೊಳಬಸಪ್ಪ ಹೊರಗೆ ಬಂದರು.

“ಅಕ್ಕಾರು ಬೆಳಗಿನ ಗಾಡಿಗೆ ಪುಣೆಕ್ಕ ಹೋದ್ರಲ್ರೀ. ನಿಮ್ಮ ಮನಿಯವ್ರು ಫೋನ್ ಮಾಡಿ ಕರದ್ರಂತ. ‘ತಮ್ಮ ಮ್ಯಾಲಿಂದ ಇಳಿಯೂದ್ರಾಗ ಪಂಚಮಿ ಮುಗಿತದ’ ಅಂದ್ರು. ಗಾಡ್ಯಾಗಿಂದ ನಿಮಗೂ ಭಾಳ ಸಲ ಹಚ್ಚಿದ್ರಂತ, ಫೋನ್ ಬಂದ್ ಇತ್ತಂತಲ್ರಿ?”

ವಾಪಸು ಬರುವ ವಿಮಾನಗಳು ತುಂಬಿದ್ದವು. ಸಂಜೆ ಸ್ಟೇಶನ್ನಿಗೆ ಹೋಗಿ ಜನರಲ್ ಡಬ್ಬಿಯ ಎದುರು ನಿಂತೆ. ಟವೆಲ್ ಇರಲಿಲ್ಲ, ಕರವಸ್ತ್ರವನ್ನೇ ಕಿಟಕಿಯ ಸರಳಿನ ನಡುವೆ ತೂರಿಸಿದೆ. ಒಳಗಿದ್ದ ಮಾಸ್ತರರಂಥ ಒಬ್ಬರು ಅದನ್ನು ಮಡಚಿ ಮರ್ಯಾದೆಯಿಂದ ನನ್ನ ಕೈಗೆ ಕೊಟ್ಟರು.

“ಹಿಂಗ ಹಾಕೂದು ತಪ್ಪರಿ. ಇದರಿಂದನ ದೇಶ ಹಾಳಾಗೇದ ಅಂತ ಪುಣೆದವರೊಬ್ಬರು ಪೇಪರಿನ್ಯಾಗ ಭಾಳ ಚಂದ ಬರದಾರ.”

ಜೀವನದಲ್ಲಿ ನನಗೆ ಸಿಕ್ಕ ಮೊದಲ ಓದುಗ. ಹೆಸರು ಹೇಳಿಕೊಳ್ಳುವ ಧೈರ್ಯವಾಗದೆ ಪುಣೆಯವರೆಗೂ ಸಂಡಾಸಿನ ಬಾಗಿಲಿಗೆ ಒರಗಿ ನಿಂತು ಬಂದೆ.

ಮನೆ ಮುಟ್ಟಿದಾಗ ಹಬ್ಬದ ಊಟಕ್ಕೆ ಎಲೆ ಹಾಕಿದ್ದರು. ಫೋನಿಗೆ ಜೀವ ಬರಿಸಿ ನೋಡಿದರೆ, ನಾನು ಮಾರಲಾಗದೆ ಬಿಟ್ಟ ಶೇರು ಚೆನ್ನಾಗಿ ಏರಿತ್ತು. ನನ್ನ ಕೈಗೆ ಸಿಗದ ದಿನವೇ ಅದಕ್ಕೆ ಉಸಿರು ಬಂದಿತ್ತು. ಅಕ್ಕ ಜೋಕಾಲಿಯಿಂದ ಇಳಿದು ಬಂದಳು. ನಮ್ಮ ಚಾಳಿನ ಅಕ್ಕಪಕ್ಕದ ಮನೆಗಳ ಹೆಣ್ಣುಮಕ್ಕಳೆಲ್ಲ ಪಂಕ್ತಿಯಲ್ಲಿ ಕುಳಿತಿದ್ದರು, ನಡುವೆ ಒಂದೇ ಜಾಗ ಖಾಲಿ. ಅಲ್ಲಿ ಅಪ್ಪನ ಸೊಲ್ಲಾಪುರದ ಟವೆಲ್ ಹರವಿತ್ತು. ಬೆಳಿಗ್ಗೆ ನಿಲ್ದಾಣಕ್ಕೆ ಹೋಗಿ ಭದ್ರತೆಯವರಿಂದ ನೀರಜಾ ಬಿಡಿಸಿ ತಂದಿದ್ದಳು.

“ಕೂಡ ಬಾ,” ಎಂದಳು ಅಕ್ಕ. “ಯಾರಿಗೂ ಬಿಟ್ಟಿಲ್ಲ. ಈಗರ ಅಳಬ್ಯಾಡ.”

“ಹಿಂಗ ಟವೆಲ್ ಹಾಕೂದು ತಪ್ಪಲ್ಲೇನ್ರಿ?” ಎಂದಳು ನೀರಜಾ, ಅಡಿಗೆಮನೆಯಿಂದ.

ಬಾಯಲ್ಲಿ ಆಗಲೇ ಅಕ್ಕ ಹಾಕಿದ ಉಂಡಿ ಇತ್ತು. ನಾನು ಅವಸರದಲ್ಲಿ ಕುಳಿತುಬಿಟ್ಟೆ. ಯಾರಿಗೆ ಗೊತ್ತು, ಬಾಗಿಲಲ್ಲಿ ಯಾವ ಪೈಲಟ್ಟರ ಅತ್ತೆ ನಿಂತಿದ್ದಾಳೋ.