ವಾಲ್ನಟ್ ಸಿಪ್ಪೆಯ ಪುಡಿಯೂ ಶೇಷಾದ್ರಿಯವರ ಕೈಯೂ

ಮೈಥಿಲಿ ಆ ಕಾಯಿಯನ್ನು ಮೊದಲು ಕಂಡದ್ದು ೧೯೯೩ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಗೈದರ್ಸ್‌ಬರ್ಗಿನ ಮನೆಗೆ ಬಂದ ಮೂರನೆಯ ದಿನ. ಹಿತ್ತಲಲ್ಲಿ ಹಪ್ಪಳ ಒಣಹಾಕುತ್ತಿದ್ದಾಗ ಮರದಿಂದ ದೊಪ್ಪೆಂದು ಬಿದ್ದು ಎರಡು ಹಪ್ಪಳ ಮುರಿಯಿತು. ನಿಂಬೆಗಿಂತ ದೊಡ್ಡದು, ಹಸಿರು, ಗುಂಡಗೆ. ಎತ್ತಲು ಬಗ್ಗಿದವಳನ್ನು ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಕೂಗಿ ತಡೆದಳು: ಅದು ಕಪ್ಪು ವಾಲ್ನಟ್, ಅಂಗಡಿಯ ಅಕ್ರೋಟಿನ ದಾಯಾದಿ; ಸಿಪ್ಪೆ ಮುಟ್ಟಿದರೆ ಬಣ್ಣ ಹತ್ತುತ್ತದೆ, ಉಣ್ಣೆಗೆ ಬಣ್ಣ ಹಾಕುವುದೂ ಅದರಿಂದಲೇ.

ಎರಡು ವರ್ಷದಲ್ಲಿ ಮೈಥಿಲಿ ಆ ಸಿಪ್ಪೆಯನ್ನು ಒಣಗಿಸಿ, ಹಳೆಯ ಮಿಕ್ಸಿಯಲ್ಲಿ ಪುಡಿ ಮಾಡಿ, ಉಣ್ಣೆ ನೂಲುವವರಿಗೂ ಬುಟ್ಟಿ ಹೆಣೆಯುವವರಿಗೂ ಶನಿವಾರದ ಕ್ರಾಫ್ಟ್ ಮಾರ್ಕೆಟ್ಟಿನಲ್ಲಿ ಮಾರತೊಡಗಿದಳು. ಗಂಡ ಶೇಷಾದ್ರಿ ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ. ವಾರದ ದಿನ ಲ್ಯಾಬು, ವಾರಾಂತ್ಯದಲ್ಲಿ ಕನ್ನಡಿಗರ ಮನೆಗಳಲ್ಲಿ ಪೌರೋಹಿತ್ಯ. ಹೆಂಡತಿಯ ಕಸುಬಿಗೆ ಅವರು ಇಟ್ಟ ಹೆಸರು ‘ಕಸದ ವ್ಯಾಪಾರ’.

ಒಂದು ಗುರುವಾರ ರಾತ್ರಿ ಊಟಕ್ಕೆ ಕೂತ ಶೇಷಾದ್ರಿ ಕೈಯನ್ನು ಬೆನ್ನ ಹಿಂದಿನಿಂದ ತೆಗೆಯಲೇ ಇಲ್ಲ.

ಮೈಥಿಲಿ: ರೀ, ಸಾರು ತಣ್ಣಗಾಗ್ತಿದೆ. ಕೈ ಎಲ್ಲಿ?

ಶೇಷಾದ್ರಿ: ಇದೆ, ಇದೆ. ಇವತ್ತು ಸ್ಪೂನಲ್ಲಿ ತಿಂತೀನಿ.

ಮೈಥಿಲಿ: ಸ್ಪೂನ್ ಹಿಡಿಯೋಕೂ ಕೈಯೇ ಬೇಕು. ತೋರ್ಸಿ.

ಬಂದ ಕೈಗಳೆರಡೂ ಮಣಿಕಟ್ಟಿನವರೆಗೆ ಕಂದು.

ಶೇಷಾದ್ರಿ: ಆಫೀಸಲ್ಲಿ ಜೆರಾಕ್ಸ್ ಟೋನರ್ ಚೆಲ್ತು.

ಮೈಥಿಲಿ: ಟೋನರ್ ಈ ವರ್ಷ ಕಂದು ಬಣ್ಣದಲ್ಲಿ ಬರ್ತಿದ್ಯಾ? ಗ್ಯಾರೇಜಲ್ಲಿದ್ದ ನನ್ನ ಸಿಪ್ಪೆ ಚೀಲ ಎಲ್ಲಿ?

ಶೇಷಾದ್ರಿ: ನಾಳೆ ಟ್ರ್ಯಾಶ್ ಪಿಕಪ್ ಇತ್ತು...

ಮೈಥಿಲಿ: ಎಸೆದ್ರಾ!

ಶೇಷಾದ್ರಿ: ಎಸೆಯೋಕೆ ಹೋದೆ. ಚೀಲ ಹರೀತು. ಡ್ರೈವ್‌ವೇ ತುಂಬಾ ಚೆಲ್ತು. ಪಕ್ಕದ ಮನೆಯವರು ನೋಡ್ತಾರೆ ಅಂತ ಬಾಚಿ ಬಾಚಿ ತುಂಬಿದೆ.

ಮೈಥಿಲಿ: ಗ್ಲವ್ಸ್ ಅಲ್ಲೇ ನೇತಾಡ್ತಿತ್ತಲ್ಲ?

ಶೇಷಾದ್ರಿ: ಕಳ್ಳತನಕ್ಕೆ ಗ್ಲವ್ಸ್ ಹಾಕ್ಕೊಂಡು ಹೋಗೋಕೆ ನಾನೇನು ಕಳ್ಳನಾ? ಪ್ರಭಾಕರ್ ಡಾಕ್ಟ್ರು ಫೋನಲ್ಲಿ ಕೇಳ್ತಾರೆ ಕಣೇ, ‘ನಿಮ್ಮ ಮಿಸೆಸ್ ರಸ್ತೇಲಿ ಏನೋ ಮಾರ್ತಾರಂತೆ’ ಅಂತ. ಮರ್ಯಾದೆ ಪ್ರಶ್ನೆ!

ಮೈಥಿಲಿ: ಅವರು ಹೊಟ್ಟೆ ಕೊಯ್ದು ದುಡ್ಡು ತಗೋತಾರೆ, ನಾನು ಕಾಯಿ ಸುಲಿದು ತಗೋತೀನಿ. ಕಾಯಿ ಯಾವತ್ತೂ ಕೇಸ್ ಹಾಕಿಲ್ಲ.

ಶೇಷಾದ್ರಿ: ಶನಿವಾರ ಅವರ ಗೃಹಪ್ರವೇಶ ನಾನೇ ಮಾಡಿಸ್ಬೇಕು. ರಾಕ್‌ವಿಲ್ಲಲ್ಲಿ ಇನ್ನೂರು ಜನ. ಇದು ಹೋಗೋದು ಯಾವಾಗ?

ಮೈಥಿಲಿ: ಮೂರು ವಾರ.

ಸೋಪು, ನಿಂಬೆಹಣ್ಣು, ಬ್ಲೀಚು ಎಲ್ಲ ಆಯಿತು. ಕೈಯಲ್ಲಿ ಉರಿ ಬಂತು, ಬಣ್ಣ ಹೋಗಲಿಲ್ಲ. ಕೊನೆಗೆ ಶೇಷಾದ್ರಿ ಕಬ್ಬಿಣದ ಬಾಣಲೆಯಲ್ಲಿ ಹುಣಸೆಹಣ್ಣು ಕಿವುಚಿಕೊಂಡು ಕೂತರು.

ಮೈಥಿಲಿ: ಅಯ್ಯೋ, ಆ ಬಾಣಲೆ ಬೇಡ! ಹುಳಿ ಜೊತೆ ಕಬ್ಬಿಣ ಸೇರಿದ್ರೆ ಬಣ್ಣ ಇನ್ನೂ ಕಪ್ಪಾಗುತ್ತೆ. ಉಣ್ಣೆಗೆ ನಾವು ಬೇಕಂತಲೇ ಹಾಗೆ ಮಾಡೋದು.

ಶೇಷಾದ್ರಿ: ನಂಗೆ ಕೆಮಿಸ್ಟ್ರಿ ಹೇಳ್ಕೊಡ್ತೀಯಾ? ಟಾರ್ಟಾರಿಕ್ ಆಸಿಡ್ ಕಣೇ ಇದು. ಹಿತ್ತಾಳೆ ದೀಪಾನೇ ಬೆಳಗುತ್ತೆ.

ಹದಿನೈದು ನಿಮಿಷಕ್ಕೆ ಕೈ ಹೊರಬಂದಾಗ, ಬಾಣಲೆ ಎಲ್ಲಿ ಮುಗಿಯಿತು, ಕೈ ಎಲ್ಲಿ ಶುರುವಾಯಿತು ಎಂದು ಹೇಳಲು ಬರುತ್ತಿರಲಿಲ್ಲ.

ಮೈಥಿಲಿ: ಡಾಕ್ಟರೇಟ್ ಯಾವ ಸಬ್ಜೆಕ್ಟಲ್ಲಿ ಅಂದ್ರಿ?

ಮರುದಿನ ಸಂಜೆ ಪ್ರಭಾಕರ್ ಡಾಕ್ಟರು ಪೂಜಾ ಸಾಮಗ್ರಿಯ ಪಟ್ಟಿ ಕೇಳಲು ಬಂದರು. ಪಟ್ಟಿ ಕೊಟ್ಟ ಕೈಯನ್ನು ನೋಡಿ, ಪಟ್ಟಿಯನ್ನು ಎರಡೇ ಬೆರಳಲ್ಲಿ ಹಿಡಿದರು.

ಶೇಷಾದ್ರಿ: ಬರೀ ಬಣ್ಣ ಡಾಕ್ಟ್ರೇ. ಅಂಟೋದಲ್ಲ ಅಂತ ನಿಮಗೇ ಗೊತ್ತಲ್ಲ!

ಪ್ರಭಾಕರ್: ಡಾಕ್ಟರಾಗಿ ಗೊತ್ತು. ಮನೆ ಯಜಮಾನನಾಗಿ ಗೊತ್ತಿಲ್ಲ. ಆ ಕೈಯಿಂದ ತೀರ್ಥ ಅಂದ್ರೆ ಜನ ಕೈಯೊಡ್ಡಲ್ಲ ಶೇಷಾದ್ರಿ. ಬಾಲ್ಟಿಮೋರಿಂದ ಯಾರನ್ನಾದ್ರೂ ಕರೆಸ್ತೀನಿ, ಬೇಜಾರ್ ಮಾಡ್ಕೋಬೇಡಿ.

ಬಾಗಿಲವರೆಗೆ ಹೋದವರು ತಿರುಗಿ ದನಿ ತಗ್ಗಿಸಿದರು.

ಪ್ರಭಾಕರ್: ಮೈಥಿಲಿಯವ್ರೇ, ಅದೇ ಆ ಪುಡಿ... ಒಂದು ಡಬ್ಬಿ ಸಿಗುತ್ತಾ? ನನ್ನ ಹೆಂಡ್ತಿ ಜಾನಕಿ ಬುಟ್ಟಿ ಹೆಣೆಯೋ ಕ್ಲಾಸ್ ಸೇರಿದಾಳೆ.

ಮೈಥಿಲಿ: ರಸ್ತೇಲಿ ಮಾರ್ತೀನಲ್ಲ ಡಾಕ್ಟ್ರೇ, ಅಲ್ಲಿಗೇ ಬನ್ನಿ.

ಶನಿವಾರ ಪೂಜೆಯಿಲ್ಲದ ಶೇಷಾದ್ರಿ, ಹೆಂಡತಿ ಹೇಳಿದಂತೆ ಡಬ್ಬಿಗಳನ್ನು ಹೊತ್ತು ಮಾರ್ಕೆಟ್ಟಿಗೆ ಬಂದರು. ಬಂದು ಮರದ ಹಿಂದೆ ನಿಂತರು. ಉಣ್ಣೆ ನೂಲುವ ಹೆಂಗಸೊಬ್ಬಳು ಡಬ್ಬಿ ಮೂಸಿ, ತೊಳೆದರೆ ಬಣ್ಣ ಹೋಗುವುದಿಲ್ಲ ಎನ್ನುವುದಕ್ಕೆ ಏನು ಗ್ಯಾರಂಟಿ ಎಂದಳು. ಮೈಥಿಲಿ ಗಂಡನನ್ನು ಎಳೆದು ತಂದು ಎರಡೂ ಕೈ ಎತ್ತಿ ಹಿಡಿದಳು.

ಶೇಷಾದ್ರಿ: ಏನೇ ಇದು, ನಾನೇನು ಸ್ಯಾಂಪಲ್ಲಾ?

ಮೈಥಿಲಿ: ಸುಮ್ನೆ ನಿಂತ್ಕೊಳ್ಳಿ. ಬ್ಲೀಚ್ ಹಾಕಿದ್ದು ಹೇಳಿ.

ಬ್ಲೀಚಿನಿಂದ ಶುರುವಾದದ್ದು ನಿಂಬೆಗೆ ಬಂತು, ನಿಂಬೆಯಿಂದ ಬಾಣಲೆಗೆ. ಲ್ಯಾಬಿನಲ್ಲಿ ನಾಲ್ಕು ಜನ ಕೇಳದ ಶೇಷಾದ್ರಿಯವರ ಭಾಷಣಕ್ಕೆ ಇಲ್ಲಿ ಮೂವತ್ತು ಜನ ಸೇರಿದರು. ಹನ್ನೊಂದಕ್ಕೆಲ್ಲ ಡಬ್ಬಿಗಳು ಖಾಲಿ. ಡಾಕ್ಟರ ಮನೆಯಿಂದ ಜಾನಕಿ ಬಂದಾಗ ಸಿಕ್ಕಿದ್ದು ಕೈ ನೋಡುವ ಭಾಗ್ಯ ಮಾತ್ರ.

ಈಗ ಶೇಷಾದ್ರಿ ವಾರದಲ್ಲಿ ಐದು ದಿನ ಲ್ಯಾಬಿಗೆ ಹೋಗುತ್ತಾರೆ, ಶನಿವಾರ ವಾಲ್ನಟ್ ಸಿಪ್ಪೆಯ ಪುಡಿ ಮಾರುತ್ತಾರೆ. ಪೂಜೆಗೆ ಕರೆದವರಿಗೆ, ಮುಹೂರ್ತ ಭಾನುವಾರ ಇಟ್ಟುಕೊಳ್ಳಿ ಎನ್ನುತ್ತಾರೆ.