ಬಿನ್ನಿಪೇಟೆಗೆ ಹಾಕಿ ಬಂದ ಬಗೆ

ಕೆಲವರಿಗೆ 'ಆಗೋದಿಲ್ಲ' ಎನ್ನಲು ಬಾಯಿ ಬರುವುದಿಲ್ಲ. ನನಗೆ ಬಾರದಿರುವುದು 'ಗೊತ್ತಿಲ್ಲ' ಎನ್ನುವ ಮಾತು. ಇದು ವೃತ್ತಿಯಿಂದ ಅಂಟಿಕೊಂಡ ಕಾಯಿಲೆ ಎಂದು ನಾನು ಹೇಳಿಕೊಳ್ಳುತ್ತೇನೆ, ಹುಟ್ಟಿನಿಂದಲೇ ಇತ್ತು ಎಂದು ನನ್ನ ಹೆಂಡತಿ ಸರೋಜ ಹೇಳುತ್ತಾಳೆ. ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ಯಾರಾದರೂ ಸ್ಕೂಟರ್ ಸ್ಟಾರ್ಟ್ ಆಗುತ್ತಿಲ್ಲ ಎಂದರೆ, ಸೈಕಲ್ಲನ್ನೂ ನೆಟ್ಟಗೆ ತುಳಿಯಲು ಬಾರದ ನಾನು "ಪ್ಲಗ್ ನೋಡಿಸಿ" ಎನ್ನುತ್ತೇನೆ. ಯಾರಿಗಾದರೂ ಬೆನ್ನು ನೋವು ಎಂದರೆ ಮೂಳೆಯ ಹೆಸರು ಸಮೇತ ಕಾರಣ ಹೇಳುತ್ತೇನೆ. ಮನೆಯಲ್ಲಿ ಕುಕ್ಕರು ಸೀಟಿ ಹಾಕದೆ ಬುಸುಗುಟ್ಟಿದರೆ ನನ್ನ ವಿವರಣೆ ಅಡುಗೆಮನೆಯ ಬಾಗಿಲಿನಿಂದಲೇ ಶುರುವಾಗುತ್ತದೆ. "ರೀ, ನಿಮಗೆ ಗೊತ್ತಿಲ್ದೇ ಇರೋದು ಏನಾದ್ರೂ ಇದ್ರೆ ಅದನ್ನ ಮಾತ್ರ ಹೇಳಿ, ಬೇಗ ಮುಗಿಯತ್ತೆ" ಎಂದು ಸರೋಜ ಹೇಳುವುದು ಆಗಲೇ. ಈ ಕಾಯಿಲೆಯಿಂದಾಗಿಯೇ ನಾನು ಒಂದು ಹಾಕಿ ತಂಡದ ಕಾರ್ಯದರ್ಶಿಯಾದದ್ದು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಒಂದು ದಿನ ಊಟದ ವೇಳೆಯಲ್ಲಿ ರತ್ನಮ್ಮ ಎಂಬುವವರು ಶಾಲೆಗೆ ಬಂದರು. ಐವತ್ತರ ಆಸುಪಾಸು, ಸರ್ಕಾರಿ ಕಚೇರಿಯೊಂದರಲ್ಲಿ ಅಟೆಂಡರ್. ಬಿನ್ನಿಪೇಟೆಯ ಗಿರಣಿ ಕಾರ್ಮಿಕರಿಗೆಂದು ಹಿಂದೆ ಕಟ್ಟಿದ್ದ ಮನೆಗಳ ಸಾಲಿನಲ್ಲಿ ಹುಟ್ಟಿ ಬೆಳೆದವರು. ಎಲ್ಲರೂ ಅದನ್ನು 'ಲೈನು' ಎಂದೇ ಕರೆಯುತ್ತಿದ್ದರು. ನಮ್ಮ ಮನೆಯಿಂದ ಅಲ್ಲಿಗೆ ಕಾಲು ಗಂಟೆಯ ನಡಿಗೆ. ಇಪ್ಪತ್ತು ವರ್ಷದಲ್ಲಿ ನಾನು ಒಮ್ಮೆಯೂ ಅತ್ತ ಕಾಲಿಟ್ಟಿರಲಿಲ್ಲ. ನಮ್ಮ ಬೀದಿಯವರಾರೂ ಇಟ್ಟಿರಲಿಲ್ಲ. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಎಲ್ಲವನ್ನೂ ಬಲ್ಲ ನನಗೆ ಅಲ್ಲೊಂದು ಬುದ್ಧ ವಿಹಾರವಿದೆ, ಅದರ ಪಕ್ಕದಲ್ಲೇ ದೊಡ್ಡ ಬಯಲಿದೆ, ಆ ಬಯಲಿನಲ್ಲಿ ಗಿರಣಿಯವರು ಒಂದು ಕಾಲದಲ್ಲಿ ಹಾಕಿ ಆಡುತ್ತಿದ್ದರು ಎಂಬುದೊಂದೂ ಗೊತ್ತಿರಲಿಲ್ಲ.

"ಹಾಕಿ ಅಂದ್ರೆ ಎಲ್ಲಾ ದಂಡಿನ ಕಡೇನೇ, ಕಂಟೋನ್ಮೆಂಟಲ್ಲೇ ಸಾರ್" ಎಂದರು ರತ್ನಮ್ಮ. "ನಮ್ ಹುಡುಗ್ರು ಮೆಜೆಸ್ಟಿಕ್ಕಲ್ಲಿ ಬಸ್ ಬದಲಾಯಿಸ್ಕೊಂಡು ಹೋಗೋಷ್ಟರಲ್ಲಿ ಅಲ್ಲಿ ಪ್ರಾಕ್ಟೀಸೇ ಮುಗಿದಿರುತ್ತೆ. ಲೇಟಾಗಿ ಬಂದೋರನ್ನ ಹೊರಗೆ ಕೂರಿಸ್ತಾರೆ. ನನ್ ಮಗ ಒಂದು ವರ್ಷ ಪೂರ್ತಿ ಹೊರಗೇ ಕೂತಿದ್ದ. ಆಮೇಲೆ ಸ್ಟಿಕ್ಕನ್ನ ಅಟ್ಟಕ್ಕೆ ಹಾಕ್ಬಿಟ್ಟ. ಈಗ ಹಾಕಿ ಅಂತ ಯಾರಾದ್ರೂ ಅಂದ್ರೆ ಎದ್ದು ಹೋಗ್ತಾನೆ. ಇನ್ನೊಬ್ಬ ಹುಡುಗನಿಗೆ ಹಂಗಾಗ್ಬಾರದು ಸಾರ್. ನಾವು ಅಲ್ಲಿಗೆ ಹೋಗೋದು ಬೇಡ, ಜೂನಿಯರ್ ಲೀಗನ್ನೇ ಈ ಕಡೆಗೆ ತರೋಣ ಅಂತ ಲೈನಿನವರೆಲ್ಲ ಕೂತು ತೀರ್ಮಾನ ಮಾಡಿದೀವಿ. ನಮ್ ಮಕ್ಕಳಿಗೆ ಮಾತ್ರ ಅಲ್ಲ, ಚಾಮರಾಜಪೇಟೆ, ಮಾವಳ್ಳಿ, ಯಾವ ಕಡೆಯವರು ಬಂದ್ರೂ ಸೇರಿಸ್ಕೋತೀವಿ."

ಅವರು ಕೇಳಲು ಬಂದಿದ್ದು ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡುವ ಯಾರಾದರೊಬ್ಬ ಮೇಷ್ಟ್ರನ್ನು ಮಾತ್ರ. ಅಷ್ಟಕ್ಕೆ ನಾನು ಹೂಂ ಎಂದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ನಾನು ಕುರ್ಚಿಗೆ ಒರಗಿ, "ಹಾಕೀನಾ? ಕಾಲೇಜಲ್ಲಿ ನಾನೂ ಆಡ್ತಿದ್ದೆ" ಎಂದೆ. ನಿಜ ಏನೆಂದರೆ, ಕಾಲೇಜಿನ ಹಾಕಿ ತಂಡದ ಫೋಟೋ ತೆಗೆಯುವ ದಿನ ಒಬ್ಬ ಆಟಗಾರನಿಗೆ ಜ್ವರ ಬಂದು ಸಾಲಿನಲ್ಲಿ ಜಾಗ ಖಾಲಿ ಇತ್ತು. ಆ ದಾರಿಯಲ್ಲಿ ಹೋಗುತ್ತಿದ್ದ ನನ್ನನ್ನು ಕರೆದು ನಿಲ್ಲಿಸಿದ್ದರು.

"ಹೌದಾ ಸಾರ್! ಯಾವ ಪೊಸಿಷನ್ನು?"

"ಎಲ್ಲಾ ಕಡೇನೂ" ಎಂದೆ.

ರತ್ನಮ್ಮ ನನ್ನನ್ನು ಒಂದು ಕ್ಷಣ ನೋಡಿದರು. "ಹಂಗಾದ್ರೆ ಭಾನುವಾರ ಬೆಳಿಗ್ಗೆ ಆರಕ್ಕೆ ಬಂದ್ಬಿಡಿ. ಕೋಚ್ ಸಿಗೋವರೆಗೂ ನೀವೇ ಹೇಳಿಕೊಡಿ" ಎಂದು ಹೇಳಿ ಹೊರಟೇಹೋದರು.

ಭಾನುವಾರ ನಾನು ಮದುವೆಗೆ ಹೊಲಿಸಿದ್ದ ಬಿಳಿ ಪ್ಯಾಂಟು ಹಾಕಿಕೊಂಡು ಹೊರಟೆ. ಅದರ ಗುಂಡಿ ಹಾಕಲು ಸರೋಜ ನೆರವಾಗಬೇಕಾಯಿತು. "ಉಸಿರು ಬಿಟ್ಟುಬಿಟ್ಟೀರಿ, ಜೋಕೆ" ಎಂದು ಎಚ್ಚರಿಸಿ ಕಳಿಸಿದಳು. ಬಯಲಿನಲ್ಲಿ ಹದಿನೈದು ಹದಿನಾರು ಹುಡುಗರು ಸಾಲಾಗಿ ನಿಂತಿದ್ದರು. ಹೆಂಗಸರು ಬಟ್ಟೆ ಒಣಹಾಕುವ ಹಗ್ಗಗಳನ್ನು ನಮಗಾಗಿ ಬಿಚ್ಚಿದ್ದರು. ಗಿರಣಿಯ ಹಳೆಯ ಕೆಲಸಗಾರರು ಕಲ್ಲುಚಪ್ಪಡಿಯ ಮೇಲೆ ಕೂತು ಬೀಡಿ ಸೇದುತ್ತ ಹೊಸ ಕೋಚನ್ನು ಕಾಯುತ್ತಿದ್ದರು. ಒಬ್ಬ ಹುಡುಗ ನನ್ನ ಕೈಗೆ ಸ್ಟಿಕ್ಕು ಕೊಟ್ಟ. ನಾನು ಎಡಚ. ಸ್ಟಿಕ್ಕನ್ನು ಹಾಗೆ ಹಿಡಿದೆ, ಹೀಗೆ ಹಿಡಿದೆ, ಚಪ್ಪಟೆ ಇರುವ ಮಗ್ಗುಲು ಬೇಕಾದ ಕಡೆಗೆ ಬರಲೇ ಇಲ್ಲ. ಕೊನೆಗೆ ಗತ್ತಿನಿಂದ, "ಇದು ಬಲಗೈಯವರದ್ದು. ಎಡಗೈ ಸ್ಟಿಕ್ ತಗೊಂಡ್ಬಾ" ಎಂದೆ.

ಒಬ್ಬ ಮುದುಕರ ಬೀಡಿ ಬಾಯಿಯಿಂದ ಜಾರಿ ಪಂಚೆಯ ಮೇಲೆ ಬಿತ್ತು. ಹಾಕಿಯಲ್ಲಿ ಎಡಗೈ ಸ್ಟಿಕ್ಕು ಎಂಬುದೇ ಇಲ್ಲ, ಭೂಮಿಯ ಮೇಲಿರುವ ಎಡಚರೆಲ್ಲ ಬಲಗೈಯವರ ಸ್ಟಿಕ್ಕಿನಲ್ಲೇ ಆಡಬೇಕು ಎಂಬುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ರತ್ನಮ್ಮ ಬಂದು ನನ್ನ ಕೈಯಿಂದ ಸ್ಟಿಕ್ಕನ್ನು ಮೆಲ್ಲಗೆ ತೆಗೆದುಕೊಂಡರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೆಂಡನ್ನು ಎಡಕ್ಕೆ ತಳ್ಳಿ ಬಲಕ್ಕೆ ಎಳೆದು ಮೂವರು ಹುಡುಗರನ್ನು ದಾಟಿಸಿ, ಎರಡು ಇಟ್ಟಿಗೆಗಳ ನಡುವೆ ಹೊಡೆದರು. ಅವರ ತಂದೆ ಗಿರಣಿಯ ತಂಡದಲ್ಲಿ ಫುಲ್ ಬ್ಯಾಕ್ ಆಗಿದ್ದರಂತೆ. ಮಗಳು ದಿನಾ ಸಂಜೆ ಅವರ ಎದುರು ನಿಂತು ಕಲಿತದ್ದಂತೆ. ಇದನ್ನೆಲ್ಲ ನನಗೆ ಆಮೇಲೆ ಮುದುಕರು ಹೇಳಿದರು. ರತ್ನಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟೇ: "ಸಾರ್, ಆಟ ನಾನು ನೋಡ್ಕೋತೀನಿ. ನೀವು ಕಾಗದಪತ್ರ ನೋಡ್ಕೊಳಿ. ಮಕ್ಕಳೆದುರಿಗೆ ಇನ್ನೊಂದು ಸಲ ಸ್ಟಿಕ್ ಮುಟ್ಬೇಡಿ."

ಮನೆಗೆ ಬರುವ ದಾರಿಯುದ್ದಕ್ಕೂ ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ. ಆದರೆ ನನ್ನ ಸುಳ್ಳನ್ನು ರತ್ನಮ್ಮ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡ ರೀತಿ ಕಾಡತೊಡಗಿತು. ಬೈದಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಬುಧವಾರ ಸಂಜೆ ಬಿಳಿ ಹಾಳೆಗಳನ್ನು ಹಿಡಿದುಕೊಂಡು ನಾನೇ ಹೋದೆ.

ಕಾಗದ ಬರೆಯುವುದು ನನ್ನ ಕೈಲಾಗುವ ಕೆಲಸ. ಲೀಗಿನವರಿಗೆ ಪತ್ರದ ಮೇಲೆ ಪತ್ರ ಬರೆದೆ. ಕೊನೆಗೆ ಒಂದು ಅರ್ಜಿ ನಮೂನೆ, ಜೊತೆಗೆ ಲೀಗಿಗೆ ಸೇರುವ ನಿಯಮಗಳ ಪುಸ್ತಿಕೆ ಬಂತು. ಮೈದಾನವನ್ನು ನೋಡಲು ಒಬ್ಬರು ಬರುತ್ತಾರೆ, ಒಪ್ಪಿಗೆಯಾದರೆ ಆ ವರ್ಷದ ಕೆಲವು ಪಂದ್ಯಗಳು ಅಲ್ಲೇ ನಡೆಯುತ್ತವೆ, ಇಲ್ಲದಿದ್ದರೆ ಮುಂದಿನ ವರ್ಷ ನೋಡೋಣ ಎಂದು ಬರೆದಿದ್ದರು. ಮುಂದಿನ ವರ್ಷಕ್ಕೆ ತಂಡದ ಅರ್ಧ ಹುಡುಗರಿಗೆ ಜೂನಿಯರ್ ವಯಸ್ಸು ದಾಟಿಹೋಗುತ್ತಿತ್ತು. ಲೈನಿಗೆ ಲೈನೇ ಬಯಲಿಗಿಳಿಯಿತು. ಹೆಂಗಸರು ಬಾಣಲಿಯಲ್ಲಿ ಮಣ್ಣು ಹೊತ್ತು ಗುಂಡಿ ಮುಚ್ಚಿದರು, ಮುದುಕರು ದಿಮ್ಮಿಸು ಹಾಕಿ ನೆಲ ಗಟ್ಟಿ ಮಾಡಿದರು. ಅಷ್ಟು ದಿನ ಎದ್ದು ಹೋಗುತ್ತಿದ್ದ ರತ್ನಮ್ಮನವರ ಮಗ ಒಂದು ಸಂಜೆ ಮಾತಿಲ್ಲದೆ ಬಂದು ನೀರು ಚಿಮುಕಿಸತೊಡಗಿದ. ಸುಣ್ಣದ ಗೆರೆ ಹಾಕುವ ಕೆಲಸವನ್ನು ನಾನು ಹಟ ಹಿಡಿದು ಕೇಳಿ ಪಡೆದೆ. ಗೆರೆ ಎಳೆಯುವುದು ಬರವಣಿಗೆಯೇ ಅಲ್ಲವೆ? ಗೋಲಿನ ಮುಂದೆ 'ಡಿ' ಆಕಾರದ ಗೆರೆ ಹಾಕಬೇಕು ಎಂದರು. ಇಂಗ್ಲಿಷಿನ ಡಿ ಅಕ್ಷರ ನನಗೆ ಗೊತ್ತಿತ್ತು. ಒಂದು ಗೋಲಿನ ಮುಂದೆ ಹಾಕಿದೆ, ಕತ್ತಲು ಕವಿಯುವ ಹೊತ್ತಿಗೆ ಮೈದಾನದ ಇನ್ನೊಂದು ತುದಿಗೆ ಹೋಗಿ ಅಲ್ಲಿಯೂ ಹಾಗೆಯೇ ಹಾಕಿದೆ.

ಮಾರನೆಯ ಬೆಳಿಗ್ಗೆ ಪರೀಕ್ಷಕರು ಬಂದರು. ಸೈನ್ಯದಲ್ಲಿದ್ದು ನಿವೃತ್ತರಾದವರು, ಮೀಸೆಗೂ ಇಸ್ತ್ರಿ ಹಾಕಿದಂತಿತ್ತು. ಮೊದಲ ಡಿ ನೋಡಿ ತಲೆದೂಗಿದರು. ಎರಡನೆಯದರ ಮುಂದೆ ನಿಂತು ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿದರು. ಡಿ ಅಕ್ಷರವನ್ನು ತಿರುಗಿಸಿ ಬರೆಯಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ಅದರ ನೇರ ಗೆರೆ ಮೈದಾನದ ಮಧ್ಯದ ಕಡೆಗಿತ್ತು, ಹೊಟ್ಟೆ ಗೋಲಿನೊಳಕ್ಕೆ ನುಗ್ಗಿತ್ತು.

"ಇದನ್ನ ಹಾಕಿದ್ದು ಯಾರು?" ಎಂದರು.

ರತ್ನಮ್ಮ ಬಾಯಿ ತೆರೆಯುವಷ್ಟರಲ್ಲಿ ನಾನು ಮುಂದೆ ಬಂದೆ. "ನಾನು ಸಾರ್. ನನಗೆ ಹಾಕಿ ಗೊತ್ತಿಲ್ಲ" ಎಂದೆ. ಬದುಕಿನಲ್ಲಿ ಮೊದಲ ಬಾರಿಗೆ ಆ ಮಾತು ನನ್ನ ಬಾಯಿಂದ ಹೊರಬಂದಿತ್ತು.

ಹೆಂಗಸರು ಪೊರಕೆ ತಂದು ಹತ್ತು ನಿಮಿಷದಲ್ಲಿ ನನ್ನ ಅಕ್ಷರವನ್ನು ಅಳಿಸಿ ಹೊಸದನ್ನು ಹಾಕಿದರು. ಪರೀಕ್ಷಕರು ಹುಡುಗರ ಆಟ ನೋಡಿದರು, ನೆಲವನ್ನು ಬೂಟಿನಿಂದ ಒತ್ತಿ ನೋಡಿದರು, ಚಪ್ಪಡಿಯ ಮೇಲೆ ಕೂತು ಕಾಫಿ ಕುಡಿದರು. ಎಲ್ಲ ಸರಿ ಎನ್ನುವಾಗ ನಮೂನೆಯಲ್ಲಿ ಕೋಚ್ ಹೆಸರಿನ ಎದುರು ಕಣ್ಣು ನಿಂತಿತು. "ರತ್ನಮ್ಮ? ಹುಡುಗರ ಟೀಮಿಗೆ ಲೇಡಿ ಕೋಚಾ? ನಮ್ಮ ಲೀಗಲ್ಲಿ ಇದುವರೆಗೂ ಇಲ್ಲ. ಬೇರೆ ಹೆಸರು ಹಾಕಿ."

ರತ್ನಮ್ಮನವರ ಮುಖ ಗಟ್ಟಿಯಾಯಿತು. "ನನ್ ಹೆಸರು ತೆಗೀರಿ ಸಾರ್, ಪರವಾಗಿಲ್ಲ. ಮಕ್ಕಳು ಆಡಲಿ" ಎಂದು ನನ್ನತ್ತ ತಿರುಗಿದರು. ಆ ಧ್ವನಿಯನ್ನು ನಾನು ಅದಕ್ಕೆ ಮುಂಚೆ ಅವರಿಂದ ಕೇಳಿರಲಿಲ್ಲ. ಆದರೆ ನಿಯಮಗಳ ಪುಸ್ತಿಕೆಯ ವಿಷಯದಲ್ಲಿ ನನಗೊಂದು ಗುಟ್ಟಿತ್ತು. ಆಟ ಬಾರದ ನಾನು ಬೇರೆ ಕೆಲಸವಿಲ್ಲದೆ ಅದನ್ನು ವ್ಯಾಕರಣದಂತೆ ಬಾಯಿಪಾಠ ಮಾಡಿಬಿಟ್ಟಿದ್ದೆ. "ಸಾರ್, ನಿಯಮದಲ್ಲಿ ಕೋಚ್ ಅಂದ್ರೆ 'ತಂಡಕ್ಕೆ ತರಬೇತಿ ನೀಡುವ ವ್ಯಕ್ತಿ' ಅಂತಿದೆ. ವ್ಯಕ್ತಿ ಅನ್ನೋ ಪದ ಹೆಂಗಸರಿಗೂ ಅನ್ವಯಿಸತ್ತೆ. ಗಂಡಸೇ ಆಗಿರ್ಬೇಕು ಅಂತ ಒಂದು ಪುಟದಲ್ಲೂ ಇಲ್ಲ. ಪುಟ ಪುಟ ಹೇಳಲಾ?" ಎಂದೆ. ಮೂರನೆಯ ಪುಟ ಮುಗಿಸುವಷ್ಟರಲ್ಲಿ ಅವರು ಪೆನ್ನಿನ ಮುಚ್ಚಳ ತೆಗೆದರು. ನನ್ನ ವಾದಕ್ಕೆ ಒಪ್ಪಿದರೋ, ಉಳಿದ ಪುಟಗಳಿಗೆ ಹೆದರಿದರೋ ತಿಳಿಯದು. ಸಹಿಯಂತೂ ಬಿತ್ತು.

ಮೊದಲ ಪಂದ್ಯದ ದಿನ ಬಿನ್ನಿಪೇಟೆಯಲ್ಲಿ ಮದುವೆಮನೆಯ ಸಡಗರ. ನಮ್ಮ ಬೀದಿಯವರೂ ಬಂದರು, ಸರೋಜ ಪಕ್ಕದ ಮನೆಯವರನ್ನೆಲ್ಲ ಕರೆತಂದಳು. ದಂಡಿನ ಕಡೆಯ ತಂಡ ವ್ಯಾನಿನಲ್ಲಿ ಬಂದಿಳಿಯಿತು. ನೋಡನೋಡುತ್ತಲೇ ನಾಲ್ಕು ಗೋಲು ಹೊಡೆಯಿತು. ಅವರ ನಾಲ್ಕನೆಯ ಗೋಲು ನೋಡಿ ನನ್ನ ತಲೆ ಕೆಟ್ಟಿತು. ಅದನ್ನು ಹೊಡೆದ ಹುಡುಗ ನಮ್ಮ ಗೋಲಿನ ಪಕ್ಕದಲ್ಲಿ ಮೊದಲಿಂದಲೂ ನಿಂತೇ ಇದ್ದ. ಹಾಗೆ ನಿಲ್ಲುವುದು ತಪ್ಪು ಎನ್ನುವ, ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡಿದ್ದ ಹಳೆಯ ಹಾಕಿ ಪುಸ್ತಕವೊಂದು ನನ್ನ ಚೀಲದಲ್ಲಿತ್ತು. ಅದನ್ನು ಎತ್ತಿ ಹಿಡಿದುಕೊಂಡು "ಆಫ್‌ಸೈಡ್! ಆಫ್‌ಸೈಡ್!" ಎಂದು ಕೂಗುತ್ತ ಮೈದಾನದೊಳಕ್ಕೇ ಓಡಿದೆ.

"ಸಾರ್, ಆ ರೂಲ್ ತೆಗೆದುಹಾಕಿ ಆಯ್ತು" ಎಂದ ಅಂಪೈರು.

"ಅಚ್ಚಾಗಿದೆಯಲ್ರೀ ಇಲ್ಲಿ!" ಎಂದೆ.

ಆತ ಸೌಜನ್ಯದಿಂದಲೇ ನನ್ನ ತೋಳು ಹಿಡಿದು ಗೇಟಿನ ಹೊರಗೆ ಬಿಟ್ಟು ಬಂದ. ನಮ್ಮ ತಂಡದಿಂದ ಮೊದಲು ಹೊರಹಾಕಿಸಿಕೊಂಡವನು ಆಟಗಾರನಲ್ಲ, ಕಾರ್ಯದರ್ಶಿ. ಬಯಲಿನ ಸುತ್ತಲಿನ ಗಿರಣಿ ಕಾಲದ ಗೋಡೆ ಆಳೆತ್ತರವಿತ್ತು. ಅದರ ಮೇಲೆ ಜನ ಕಾಗೆಗಳ ಹಾಗೆ ಕೂತಿದ್ದರು. ಕೆಳಗೆ ನಿಂತ ನನಗೆ ಕಾಣುತ್ತಿದ್ದುದು ಅವರ ಚಪ್ಪಲಿಗಳು ಮಾತ್ರ. ಕಡಲೆಕಾಯಿ ಸುಲಿಯುತ್ತ ನಿಂತಿರುವಾಗ ಒಳಗೆ ಎಂಥ ಕೂಗೆದ್ದಿತೆಂದರೆ, ರಸ್ತೆಯಲ್ಲಿ ಹೋಗುತ್ತಿದ್ದ ಆಟೋಗಳು ನಿಂತವು. ನಾವು ಗೋಲು ಹೊಡೆದಿದ್ದೆವು.

"ಏನಾಯ್ತು? ಹೇಗೆ ಹೊಡೆದ್ರು?" ಎಂದು ಗೋಡೆಯ ಮೇಲಿದ್ದ ಒಬ್ಬ ದಪ್ಪ ಮನುಷ್ಯನನ್ನು ಕೇಳಿದೆ.

ಆತ ಕೆಳಗೆ ನೋಡದೆಯೇ ವರ್ಣಿಸಿದ. ನಮ್ಮ ಹುಡುಗ ಬಲಗಡೆಯಿಂದ ಮಿಂಚಿನ ಹಾಗೆ ಬಂದನಂತೆ, ಐದು ಜನರನ್ನು ದಾಟಿದನಂತೆ, ಗೋಲ್‌ಕೀಪರನ ತಲೆಯ ಮೇಲಿಂದ ಚೆಂಡು ಹಾರಿ ಬಲೆ ಹರಿಯಿತಂತೆ. ಆ ಮಾತಿನಲ್ಲಿದ್ದ ಆತ್ಮವಿಶ್ವಾಸಕ್ಕೆ ನಾನು ಮಾರುಹೋದೆ.

ನಾವು ಆರು ಒಂದರಿಂದ ಸೋತೆವು. ಹುಡುಗರು ಗೆದ್ದವರಂತೆ ರತ್ನಮ್ಮನವರನ್ನು ಎತ್ತಿಕೊಂಡು ಕುಣಿದರು. ಬಿಡಿಸಿಕೊಂಡ ಮೇಲೆ ಅವರು ಒಬ್ಬೊಬ್ಬರಿಗೂ ಅವರವರ ತಪ್ಪು ಹೇಳಿದರು. ಮುಂದಿನ ವರ್ಷ ಮಾವಳ್ಳಿಯವರೂ ಒಂದು ತಂಡ ಕಟ್ಟಿದರು, ಲೀಗಿನ ಪಂದ್ಯಗಳು ನಮ್ಮ ಬಯಲಿನಲ್ಲಿ ಹೆಚ್ಚಿದವು. ದಂಡಿನವರೇ ಮೆಜೆಸ್ಟಿಕ್ ದಾಟಿ ಬರುವಂತಾಯಿತು. ರತ್ನಮ್ಮನವರ ಮಗ ಈಗ ಚಿಕ್ಕ ಮಕ್ಕಳಿಗೆ ಕಲಿಸುತ್ತಾನೆ. ಯಾರನ್ನೂ ಹೊರಗೆ ಕೂರಿಸುವುದಿಲ್ಲ. ಆದ್ದರಿಂದ ಅಭ್ಯಾಸ ಮುಗಿಯುವುದೇ ಇಲ್ಲ.

ಐದನೆಯ ವರ್ಷ ಸ್ಮರಣ ಸಂಚಿಕೆ ತಂದೆವು. ಮೊದಲ ಗೋಲಿನ ಬಗ್ಗೆ ಬರೆಯುವ ಭಾರ ನನ್ನ ಮೇಲೆ ಬಿತ್ತು. ಎರಡು ಪುಟ ಬರೆದು, ಬಯಲಿನಲ್ಲೇ ರತ್ನಮ್ಮನವರಿಗೆ ಓದಲು ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

"ಸಾರ್, ಗೋಲು ಬಂದಿದ್ದು ಎಡಗಡೆಯಿಂದ. ಅವನು ಯಾರನ್ನೂ ದಾಟ್ಲಿಲ್ಲ, ಚೆಂಡು ಅವರ ಹುಡುಗನ ಕಾಲಿಗೆ ತಗುಲಿ ಒಳಕ್ಕೆ ಉರುಳ್ತು. ಆ ಹೊತ್ತಲ್ಲಿ ನೀವು ಎಲ್ಲಿದ್ರಿ?"

"ಗೋಡೆ ಮೇಲೆ" ಎಂದೆ. "ಅಲ್ಲಿಂದ ಬಲಗಡೆ ಅಂತ ಕಾಣ್ತಿತ್ತು."

ರತ್ನಮ್ಮ ಕನ್ನಡಕ ತೆಗೆದು, ಮೊದಲು ನನ್ನ ಹೊಟ್ಟೆಯನ್ನು ನೋಡಿದರು, ಆಮೇಲೆ ಗೋಡೆಯನ್ನು ನೋಡಿದರು.

"ಗೋಡೆ ಹತ್ತಿದ್ರಾ ಸಾರ್?"

"ಹತ್ತದೆ ಏನು? ಕಾಲೇಜಲ್ಲಿ ದಿನಾ ಹತ್ತುತ್ತಿದ್ದೆ" ಎಂದುಬಿಟ್ಟೆ.