ಕಾರ್ಡಿಗೆ ಕೊಸರು ಕೇಳಿದ ಯಂತ್ರ

"ಇವತ್ತಿನಿಂದ ಬ್ಯಾಂಕಿನೋರು ನಮ್ಮ ಬೀದಿ ಹೆಸರು ಕೇಳಿದ್ರೆ ಹೆದರ್ತಾರೆ" ಎನ್ನುತ್ತ ರುದ್ರಸ್ವಾಮಿಯವರು ಮೇಜಿನ ಮೇಲೆ ಹೊದಿಸಿದ್ದ ಪಂಚೆಯನ್ನು ಸರ್ರನೆ ಎಳೆದರು. ಅದರಡಿ ಇದ್ದದ್ದು ನಮ್ಮ ಮನೆಯ ಟೇಬಲ್ ಫ್ಯಾನು! ರಿಪೇರಿ ಮಾಡಿಕೊಡುತ್ತೇನೆಂದು ಬೇಸಿಗೆಯಲ್ಲಿ ಒಯ್ದಿದ್ದರು. ಈಗ ಅದಕ್ಕೆ ರೆಕ್ಕೆಗಳೇ ಇರಲಿಲ್ಲ. ರೆಕ್ಕೆಯ ಜಾಗದಲ್ಲಿ ಒಂದು ಹಳೆಯ ಮೊಬೈಲು, ಸುತ್ತ ಬಣ್ಣಬಣ್ಣದ ವೈರು.

ರುದ್ರಸ್ವಾಮಿಯವರು ತುಮಕೂರಿನಲ್ಲಿ ನಮ್ಮ ಪಕ್ಕದ ಮನೆಯವರು. ಐಟಿಐನಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದರು. ವಿದ್ಯಾರ್ಥಿಗಳು ಪಾರಾದರು, ನಾವು ಸಿಕ್ಕಿಹಾಕಿಕೊಂಡೆವು.

"ಇದು ಚೌಕಾಸಿ ಯಂತ್ರ. ತಾನೇ ಬ್ಯಾಂಕುಗಳಿಗೆ ಫೋನ್ ಮಾಡುತ್ತೆ, ತಾನೇ ಮಾತಾಡಿ ಅತಿ ಅಗ್ಗದ ಕ್ರೆಡಿಟ್ ಕಾರ್ಡು ಕೊಡಿಸುತ್ತೆ. ಬೋಣಿ ನಿಮ್ಮದೇ, ನಾಗವೇಣಮ್ಮ" ಎಂದರು.

ಕಾರ್ಡು ನನಗೆ ಬೇಕಾಗಿದ್ದದ್ದು ನಿಜ. ನನ್ನದು ಟೈಲರಿಂಗ್ ಅಂಗಡಿ. ಹತ್ತಿರದ ಶಾಲೆಯವರು ಮಕ್ಕಳ ಸಮವಸ್ತ್ರದ ಮೇಲೆ ಲಾಂಛನ ಕಸೂತಿ ಮಾಡುವ ಕೆಲಸವನ್ನು ನನಗೇ ಕೊಡುತ್ತೇವೆಂದಿದ್ದರು. ಆದರೆ ಕಸೂತಿ ಮೆಷಿನ್ ಇದ್ದರೆ ಮಾತ್ರ. ಗೋವರ್ಧನ ಶೆಟ್ಟರ ಅಂಗಡಿಯಲ್ಲಿ ಮೆಷಿನ್ನನ್ನು ಬಡ್ಡಿಯಿಲ್ಲದ ಕಂತಿನಲ್ಲಿ ಕೊಡುತ್ತಿದ್ದರು. ಅದೂ ಕ್ರೆಡಿಟ್ ಕಾರ್ಡು ಇದ್ದವರಿಗೆ, ಶನಿವಾರದವರೆಗೆ. ನಾನು ವಿಚಾರಿಸಿದ ಕಾರ್ಡುಗಳ ವಾರ್ಷಿಕ ಶುಲ್ಕ ಎಷ್ಟಿತ್ತೆಂದರೆ ಹೊಲಿಗೆಯ ಲಾಭವೆಲ್ಲ ಅದಕ್ಕೇ ಸುರಿಯಬೇಕಿತ್ತು. ಮೆಷಿನ್ ಬರದಿದ್ದರೆ ಕೆಲಸ ಬೇರೆಯವರ ಪಾಲು. ಹಾಗಾಗಿ ಫ್ಯಾನಿನ ವಿಷಯ ನುಂಗಿಕೊಂಡು ಸುಮ್ಮನೆ ಕುಳಿತೆ.

ರುದ್ರಸ್ವಾಮಿಯವರು ಗುಂಡಿ ಒತ್ತಿದರು. ಊರಿಗೆ ಹೊಸದಾಗಿ ಬಂದಿದ್ದ ಒಂದು ಬ್ಯಾಂಕಿಗೆ ಫೋನ್ ಹೋಯಿತು. ಆ ಕಡೆಯೂ ಮಾತಾಡಿದ್ದು ಯಂತ್ರವೇ, ಜೇನಿನಂಥ ಧ್ವನಿ. "ವಾರ್ಷಿಕ ಶುಲ್ಕ ಕೇವಲ ಐನೂರು ರೂಪಾಯಿ."

"ಐನೂರಾ? ಬಂಗಾರದಲ್ಲಿ ಮಾಡಿಸಿದೀರೇನ್ರಿ? ನೂರು ಕೊಡ್ತೀನಿ, ಕೊಡೋದಾದ್ರೆ ಕೊಡಿ" ಎಂದಿತು ನಮ್ಮ ಯಂತ್ರ, ಫ್ಯಾನಿನ ತಲೆಯನ್ನು ಅತ್ತಿಂದಿತ್ತ ಅಲ್ಲಾಡಿಸುತ್ತ.

ನಾನು ಕುರ್ಚಿಯಿಂದ ಜಾರಿದೆ. ಅದು ರುದ್ರಸ್ವಾಮಿಯವರ ಹೆಂಡತಿ ಪಂಕಜಕ್ಕನ ಧ್ವನಿ!

ಪಂಕಜಕ್ಕ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದರು. "ನಾನು ಒಳಗಿದೀನಿ, ಇಲ್ಲಿ ಮಾತಾಡ್ತಿರೋದು ಯಾರು?"

"ನೀನೇ ಕಣೆ. ನಿನ್ನ ತರಕಾರಿ ಬ್ಯಾಗಲ್ಲಿ ಒಂದು ಸಣ್ಣ ಮೈಕ್ ಇಟ್ಟಿದ್ದೆ. ಮಾರ್ಕೆಟ್ಟಲ್ಲಿ ನೀನು ಆಡೋ ಮಾತನ್ನೆಲ್ಲ ಕೇಳಿಸ್ಕೊಂಡು ಯಂತ್ರ ಕಲಿತಿದೆ. ನಿನ್ನಷ್ಟು ಚೌಕಾಸಿ ಮಾಡೋರು ಈ ಜಿಲ್ಲೇಲಿ ಇನ್ಯಾರಿದಾರೆ?"

"ಕಟ್ಕೊಂಡ ಹೆಂಡ್ತಿ ಬ್ಯಾಗಲ್ಲಿ ಮೈಕ್ ಇಡೋರು ಈ ಜಿಲ್ಲೇಲಿ ಇನ್ಯಾರಿದಾರೆ?"

ಇವರಿಬ್ಬರ ಜಗಳ ಮುಗಿಯುವಷ್ಟರಲ್ಲಿ ಶುಲ್ಕ ನೂರಕ್ಕೆ ಇಳಿದು, ಐವತ್ತಕ್ಕೆ ಇಳಿದು, ಸೊನ್ನೆಗೆ ಬಂದು ನಿಂತಿತ್ತು. ನಾನು ಕೈಮುಗಿದು "ಸಾಕು, ಇದೇ ಇರಲಿ" ಎಂದೆ.

"ಬೇಡ ಬಿಡಿ, ಮುಂದಿನ ಅಂಗಡೀಲಿ ನೋಡ್ತೀವಿ" ಎಂದು ಯಂತ್ರ ಫೋನ್ ಇಟ್ಟುಬಿಟ್ಟಿತು!

ನನಗೆ ಅಳುವೇ ಬಂತು. ಪಂಕಜಕ್ಕ ಮಾತ್ರ ಸೌಟು ಕೆಳಗಿಟ್ಟು, ಮೊದಲ ಬಾರಿಗೆ ಯಂತ್ರವನ್ನು ಮೆಚ್ಚುಗೆಯಿಂದ ನೋಡಿದರು. "ಸುಮ್ನಿರಿ ವೇಣಿ, ಹಿಂದಕ್ಕೆ ತಿರುಗಿ ನೋಡ್ಬಾರ್ದು. ಅವರೇ ಕರೀತಾರೆ."

ಫೋನ್ ಬಂದೇಬಿಟ್ಟಿತು. ಬ್ಯಾಂಕಿನ ಯಂತ್ರ ಕಾರ್ಡು ಇಟ್ಟುಕೊಂಡಿದ್ದಕ್ಕೆ ವರ್ಷಕ್ಕೆ ತಾನೇ ಇನ್ನೂರು ಕೊಡುವುದಾಗಿ ಹೇಳಿತು.

"ಆಯ್ತು. ಕೊಸರಿಗೆ ಏನು ಹಾಕ್ತೀರಿ?" ಎಂದಿತು ನಮ್ಮದು.

ಕೊಸರು ಎಂಬುದು ಬ್ಯಾಂಕಿನ ಯಂತ್ರಕ್ಕೆ ಯಾರೂ ಹೇಳಿಕೊಟ್ಟಿರದ ವಿದ್ಯೆ. ಜೇನಿನ ಧ್ವನಿ ನಡುಗುತ್ತ ಕೇಳಿತು: "ದಯವಿಟ್ಟು ವಿವರಿಸಿ."

ನಮ್ಮದು ವಿವರಿಸಿತು. ಸಂಜೆಯವರೆಗೆ ವಿವರಿಸಿತು.

ಶುಕ್ರವಾರ ನಮ್ಮ ಮನೆ ಬಾಗಿಲಲ್ಲಿ ಟೈ ಕಟ್ಟಿದ ಬ್ಯಾಂಕಿನ ಅಧಿಕಾರಿ ನಿಂತಿದ್ದರು. ಒಂದು ಕೈಯಲ್ಲಿ ಕಾರ್ಡಿದ್ದ ಲಕೋಟೆ, ಇನ್ನೊಂದು ಕೈಯಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು! ಜೇಬಿನಿಂದ ಎರಡು ಹಸಿಮೆಣಸಿನಕಾಯಿ ತೆಗೆದು ಅದರ ಮೇಲಿಟ್ಟರು. ಮುಖ ಬಿಳಿಚಿಕೊಂಡಿತ್ತು.

"ಸಹಿ ಹಾಕಿ ಮೇಡಂ. ನಮ್ಮ ಯಂತ್ರ ನಿಮ್ಮ ಯಂತ್ರದ ಜೊತೆ ಮಾತಾಡಿದಾಗಿನಿಂದ ಅದರ ಥರಾನೇ ಮಾತಾಡೋಕೆ ಶುರು ಮಾಡಿದೆ. ನಾನು ಎರಡು ದಿನ ರಜೆ ಕೇಳಿದೆ, ಅರ್ಧ ದಿನ ತಗೊಳಿ ಅಂತು. ಆಮೇಲೆ ಮ್ಯಾನೇಜರ್ ಸಂಬಳಕ್ಕೇ ಕೈ ಹಾಕ್ತು."

"ಅವರು ಎಷ್ಟಕ್ಕೆ ಒಪ್ಪಿದ್ರು?" ಎಂದು ಪಕ್ಕದ ಮನೆಯಿಂದ ಬಂದಿದ್ದ ಪಂಕಜಕ್ಕ ಆಸಕ್ತಿಯಿಂದ ಕೇಳಿದರು. ಅಧಿಕಾರಿ ಸಹಿ ಹಾಕಿದ ಕಾಗದ ಕಸಿದುಕೊಂಡು ಬೈಕ್ ಹತ್ತಿದರು.

ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಕಾರ್ಡು ಕೈಗೆ ಬಂತಲ್ಲ ಎಂಬ ಖುಷಿಯಲ್ಲಿ ಶನಿವಾರ ಸಂಜೆ ಶೆಟ್ಟರ ಅಂಗಡಿಗೆ ಹೋದೆ. ರುದ್ರಸ್ವಾಮಿ ದಂಪತಿಗಳೂ ಬಂದರು. ಗಲ್ಲಾಪೆಟ್ಟಿಗೆಯ ಮೇಲೆ 'ಒಂದೇ ದರ' ಎಂಬ ಬೋರ್ಡು. ಶೆಟ್ಟರು ಕಾರ್ಡನ್ನು ಉಜ್ಜಿ ಮೂವತ್ತೆರಡು ಸಾವಿರ ಎಂದು ಒತ್ತಿದರು. ಹಣ ಬಂತೆಂದು ಕೂಗಿ ಹೇಳುವ, ಅದೇ ಬ್ಯಾಂಕಿನ ಪುಟ್ಟ ಡಬ್ಬಿ ಗಂಟಲು ಸರಿಮಾಡಿಕೊಂಡಿತು.

"ಮೂವತ್ತೆರಡಾ? ಇದಕ್ಕಾ? ಹದಿನಾರು ಕೊಡ್ತೀನಿ."

ಶೆಟ್ಟರು ಪಂಕಜಕ್ಕನತ್ತ ತಿರುಗಿದರು. ಪಂಕಜಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಡಬ್ಬಿ ಮತ್ತೆ ಹೇಳಿತು: "ಅವರನ್ನೇನು ನೋಡ್ತೀರಿ? ದುಡ್ಡು ಕೊಡೋಳು ನಾನು."

"ಅಯ್ಯೋ ಶಿವನೇ" ಎಂದು ಶೆಟ್ಟರು ಅಲ್ಲೇ ಕುಳಿತುಬಿಟ್ಟರು. ನಲವತ್ತು ವರ್ಷ ಯಾರಿಗೂ ಒಂದು ರೂಪಾಯಿ ಬಿಡದ ಮನುಷ್ಯ ಡಬ್ಬಿಯ ಎದುರು ಕೈ ಚಾಚಿ ವಾದಿಸತೊಡಗಿದರು. ಬಾಡಿಗೆ ಹೇಳಿಕೊಂಡರು, ಮಂಡಿನೋವು ಹೇಳಿಕೊಂಡರು. ಉಳಿದ ಗಿರಾಕಿಗಳು ಸುತ್ತ ನೆರೆದು, ಡಬ್ಬಿಯ ಪರ ನಿಂತು, ತಮಗೂ ಅದೇ ದರ ಕೊಡಿ ಎಂದರು. ಒಬ್ಬಾಕೆ ಕಳೆದ ವರ್ಷ ಕೊಂಡ ಮೆಷಿನ್ನಿಗೂ ಈಗ ಕೊಸರು ಕೇಳಿದಳು! ನಾನು ಬೆವರುತ್ತ ಗಡಿಯಾರ ನೋಡುತ್ತಿದ್ದೆ. ಶೆಟ್ಟರು ಇಪ್ಪತ್ತಕ್ಕೆ ಬಂದರು. ಹದಿನೆಂಟು. ಕೊನೆಗೆ ಕಣ್ಣು ಮುಚ್ಚಿಕೊಂಡು "ಹದಿನಾರಕ್ಕೇ ತಗೊಳ್ಳಮ್ಮ" ಎಂದರು.

"ಬೇಡ ಬಿಡಿ, ಮುಂದಿನ ಅಂಗಡೀಲಿ ನೋಡ್ತೀವಿ" ಎಂದು ಡಬ್ಬಿ ಆರಿಹೋಯಿತು.

ಕಾರ್ಡು ಮತ್ತೆ ಉಜ್ಜಿದರೂ ಅದೇ ಮಾತು. ಹೊರಗೆ ಹೋಗಲಾಗದೆ ಒಳಗೂ ನಿಲ್ಲಲಾಗದೆ ನಾನು ಬಿಕ್ಕಿಬಿಕ್ಕಿ ಅತ್ತೆ. ಶಾಲೆಯ ಕೆಲಸ ಹೋಯಿತು, ನನ್ನ ಅಂಗಡಿ ಎರಡು ಹೆಜ್ಜೆ ಮುಂದೆ ಹೋಗುವ ಕನಸೂ ಹೋಯಿತು.

ಶೆಟ್ಟರು ನಿಧಾನವಾಗಿ ಎದ್ದು, ಕಾರ್ಡನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ನನ್ನ ಕೈಗಿಟ್ಟರು.

"ನಾಗವೇಣಮ್ಮ, ಮೂವತ್ತೆರಡಕ್ಕೇ ಮೆಷಿನ್ ಒಯ್ಯಿರಿ. ಬಡ್ಡಿ ಬೇಡ, ಕಾರ್ಡೂ ಬೇಡ. ತಿಂಗಳು ತಿಂಗಳು ನಿಮ್ಮ ಕೈಯಾರೆ ತಂದುಕೊಡಿ, ನಿಮ್ಮ ಮಾತೇ ಸಾಕು. ಇದನ್ನ ಮಾತ್ರ ಇನ್ನು ನನ್ನ ಅಂಗಡಿ ಹೊಸ್ತಿಲು ದಾಟಿಸ್ಬೇಡಿ."

ಶಾಲೆಯ ಲಾಂಛನಗಳು ಈಗ ನನ್ನಲ್ಲೇ ತಯಾರಾಗುತ್ತಿವೆ. ಶುಲ್ಕವೂ ಇಲ್ಲದ, ಬಡ್ಡಿಯೂ ಇಲ್ಲದ ಸಾಲ ಕೊಡಿಸಿದ್ದು ತಮ್ಮ ಯಂತ್ರವೇ ಎಂದು ರುದ್ರಸ್ವಾಮಿಯವರು ಊರೆಲ್ಲ ಹೇಳಿಕೊಂಡು ಬರುತ್ತಿದ್ದಾರೆ. ಕಾರ್ಡನ್ನೂ ನಾನು ಬಿಸಾಡಿಲ್ಲ. ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಲು ಅದರ ಅಂಚು ಬಹಳ ನೇರವಾಗಿದೆ.